ಅನ್ನ ಬದಿಗೆ, ಪಲ್ಯ ನಡುವಿಗೆ

ಬೆಳಿಗ್ಗೆ ನಾಲ್ಕು ಇಡ್ಲಿ, ಚಟ್ನಿ, ಒಂದು ಲೋಟ ಕಾಫಿ. ಹನ್ನೊಂದಕ್ಕೆ ಆಫೀಸಿನಲ್ಲಿ ಚಹಾ, ಜತೆಗೆ ನಾಲ್ಕು ಬಿಸ್ಕತ್ತು. ಮಧ್ಯಾಹ್ನ ಸಾರಿಗೊಂದು ಸಲ, ಮೊಸರಿಗೊಂದು ಸಲ ಅನ್ನ. ಪಕ್ಕದಲ್ಲಿ ಒಂದು ಚಮಚ ಪಲ್ಯ. ಸಂಜೆ ಒಗ್ಗರಣೆ ಅವಲಕ್ಕಿ, ಮತ್ತೊಂದು ಕಾಫಿ. ರಾತ್ರಿ ಒಂದು ಮುದ್ದೆ, ಸೊಪ್ಪಿನ ಸಾರು, ಕೊನೆಗೆ ಮಜ್ಜಿಗೆಗೆಂದು ಒಂದು ಸೌಟು ಅನ್ನ. ಇದರಲ್ಲಿ ಪಿಜ್ಜಾ ಇಲ್ಲ, ಕೋಲಾ ಇಲ್ಲ, ಬೇಕರಿಯ ಪಫ್ಸ್ ಇಲ್ಲ. ಅಜ್ಜಿ ಕಂಡರೂ ಒಪ್ಪುವ ಊಟವಿದು. ಆದರೆ ಕಾರ್ಬೊಹೈಡ್ರೇಟಿನ ಲೆಕ್ಕ ಹಾಕಿದರೆ ಚಿತ್ರ ಬೇರೆಯಾಗುತ್ತದೆ. ಇಡ್ಲಿಯಿಂದ ಸುಮಾರು 45 ಗ್ರಾಂ, ಕಾಫಿ ಚಹಾದ ಸಕ್ಕರೆಯಿಂದ 25, ಬಿಸ್ಕತ್ತಿನಿಂದ 20, ಮಧ್ಯಾಹ್ನದ 300 ಗ್ರಾಂ ಬೆಂದ ಅನ್ನದಿಂದ 80, ಅವಲಕ್ಕಿಯಿಂದ 35, ನೂರು ಗ್ರಾಂ ಹಿಟ್ಟಿನ ಮುದ್ದೆಯಿಂದ 65ರಿಂದ 70, ರಾತ್ರಿಯ ಸೌಟು ಅನ್ನದಿಂದ 25. ಬೇಳೆ, ತರಕಾರಿ, ಹಣ್ಣನ್ನು ಲೆಕ್ಕಕ್ಕೆ ಸೇರಿಸುವ ಮೊದಲೇ ಮೊತ್ತ ಮುನ್ನೂರು ಗ್ರಾಂ ಮುಟ್ಟಿರುತ್ತದೆ. ದಿನಕ್ಕೆ ಎರಡು ಸಾವಿರ ಕ್ಯಾಲೊರಿ ಸಾಕಾಗುವ ಮೈಗೆ ಅದರಲ್ಲಿ ನೂರಕ್ಕೆ ಅರವತ್ತು ಪಾಲು ಬರೀ ಪಿಷ್ಟ ಮತ್ತು ಸಕ್ಕರೆಯಿಂದಲೇ ಬಂದಂತಾಯಿತು.

ದೇಶದ ಸರಾಸರಿಯೂ ಇದರಿಂದ ದೂರವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ ಜತೆಗೂಡಿ 2008ರಿಂದ 2020ರವರೆಗೆ ನಡೆಸಿದ ‘ಇಂಡಿಯಾಬ್’ ಸಮೀಕ್ಷೆಯಲ್ಲಿ ಪಾಲ್ಗೊಂಡವರು 1.2 ಲಕ್ಷಕ್ಕೂ ಹೆಚ್ಚು ವಯಸ್ಕರು. ಅದರ ಆಹಾರ ಕುರಿತ ಫಲಿತಾಂಶ 2025ರ ಸೆಪ್ಟೆಂಬರ್ ಕೊನೆಗೆ ‘ನೇಚರ್ ಮೆಡಿಸಿನ್’ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಭಾರತೀಯರಿಗೆ ದೊರೆಯುವ ಶಕ್ತಿಯಲ್ಲಿ ಶೇ 62ರಷ್ಟು ಕಾರ್ಬೊಹೈಡ್ರೇಟಿನಿಂದ, ಪ್ರೋಟೀನಿನಿಂದ ಬರುವುದು ಶೇ 12ರ ಆಸುಪಾಸು ಎಂದು ಅದು ಹೇಳಿತು. ಇದೇ ಸಮೀಕ್ಷೆ 2023ರಲ್ಲಿ ಕೊಟ್ಟಿದ್ದ ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಮಧುಮೇಹದ ಹೊಸ್ತಿಲಲ್ಲಿ ನಿಂತವರು 13.6 ಕೋಟಿ.

ಹೊಸ್ತಿಲಲ್ಲಿ ನಿಂತ ಈ 13.6 ಕೋಟಿ ಜನರಲ್ಲಿ ಬಹುಪಾಲು ಮಂದಿಗೆ ತಾವು ಅಲ್ಲಿ ನಿಂತಿದ್ದೇವೆಂಬುದೇ ಗೊತ್ತಿರುವುದಿಲ್ಲ. ‘ಲೋ ಕಾರ್ಬ್’ ಎಂಬ ಮಾತು ಪೇಟೆಯ ಜಿಮ್ಮುಗಳಿಂದ ಹಳ್ಳಿಯ ಕ್ಲಿನಿಕ್ಕಿನ ಬೆಂಚಿನವರೆಗೂ ಹಬ್ಬಿರುವುದು ಇಂಥ ಹೊತ್ತಿನಲ್ಲಿ. ಆ ಮಾತಿನಲ್ಲಿ ಎಷ್ಟು ನಿಜ, ಅದನ್ನು ಕನ್ನಡದ ಅಡುಗೆಮನೆಗೆ ಹೇಗೆ ತರುವುದು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲು ಮೈಯೊಳಗಿನ ಸಂಗತಿ. ಅನ್ನವಾಗಲಿ ಮುದ್ದೆಯಾಗಲಿ ಚಪಾತಿಯಾಗಲಿ, ಅದರ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ಒಡೆದು ರಕ್ತಕ್ಕೆ ಸೇರುತ್ತದೆ. ಆರೋಗ್ಯವಂತ ವಯಸ್ಕರ ಇಡೀ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಗ್ಲೂಕೋಸ್ ಹೆಚ್ಚುಕಡಿಮೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಅದಕ್ಕೆ ಊಟದಿಂದ 80 ಗ್ರಾಂ ಬಂದು ಸೇರುವಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸಿ ಅದನ್ನು ಸ್ನಾಯುಗಳಿಗೂ ಪಿತ್ತಜನಕಾಂಗಕ್ಕೂ ಸಾಗಿಸಬೇಕು. ಈ ಎರಡೂ ಕಣಜಗಳಿಗೆ ಮಿತಿಯಿದೆ. ಪಿತ್ತಜನಕಾಂಗದಲ್ಲಿ ಹಿಡಿಸುವುದು ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400. ಹೊಲ ಉತ್ತವರ, ಕಲ್ಲು ಹೊತ್ತವರ ಕಣಜ ದಿನವೂ ಖಾಲಿಯಾಗುತ್ತಿತ್ತು. ಕುರ್ಚಿಯ ಮೇಲೆ ದಿನ ಕಳೆಯುವವರ ಕಣಜ ತುಂಬಿಯೇ ಇರುತ್ತದೆ. ಮಿಕ್ಕದ್ದನ್ನು ಪಿತ್ತಜನಕಾಂಗ ಕೊಬ್ಬಾಗಿ ಮಾರ್ಪಡಿಸುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಹೊಟ್ಟೆಯ ಸುತ್ತ ಬೊಜ್ಜು ಸೇರುತ್ತದೆ, ಇನ್ಸುಲಿನ್ ಮಾತಿಗೆ ಜೀವಕೋಶಗಳು ಓಗೊಡುವುದು ಕಡಿಮೆಯಾಗುತ್ತದೆ. ಹಿಟ್ಟು ತಿಂದವರು ಬೆಟ್ಟ ಕಿತ್ತಿಟ್ಟರೆಂಬ ಹಳೇ ಮೈಸೂರಿನ ಗಾದೆಯನ್ನು ಹೆಮ್ಮೆಯಿಂದ ಹೇಳುವವರು ಮರೆಯಬಾರದ್ದು ಇದನ್ನೇ: ಗಾದೆಯಲ್ಲಿ ಹಿಟ್ಟಿನ ಜತೆಗೆ ಬೆಟ್ಟವೂ ಇದೆ.

ನಮ್ಮ ಮೈಕಟ್ಟಿನದೂ ಇದರಲ್ಲಿ ಒಂದು ಪಾಲಿದೆ. ಪುಣೆಯ ಕೆಇಎಂ ಆಸ್ಪತ್ರೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದ್ದೂ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2. ತೆಳ್ಳಗೆ ಕಾಣುವ ಭಾರತೀಯ ದೇಹ ಒಳಗೆ ಎಷ್ಟು ಕೊಬ್ಬು ಬಚ್ಚಿಟ್ಟುಕೊಂಡಿರಬಹುದು ಎಂಬುದಕ್ಕೆ ಈ ಜೋಡಿಚಿತ್ರ ಇಂದಿಗೂ ಪಾಠವಾಗಿ ಬಳಕೆಯಲ್ಲಿದೆ. ‘ನಾನು ದಪ್ಪಗಿಲ್ಲ, ನನಗೇಕೆ ಸಕ್ಕರೆ ಕಾಯಿಲೆ’ ಎಂದು ನೆಮ್ಮದಿಯಾಗಿರುವವರು ಸೊಂಟದ ಅಳತೆ ತೆಗೆದುಕೊಳ್ಳುವುದು ಒಳ್ಳೆಯದು.

ಪಿಷ್ಟ ಕಡಿಮೆ ಮಾಡುವ ಆಲೋಚನೆ ಹೊಸದಲ್ಲ. ಚರಕ ಸಂಹಿತೆ ಪ್ರಮೇಹದ ರೋಗಿಗೆ ಅಕ್ಕಿಯ ಬದಲು ಜವೆಗೋಧಿಯನ್ನು ಮುಖ್ಯ ಆಹಾರವಾಗಿ ಹೇಳುತ್ತದೆ. ಸುಶ್ರುತ ಸಂಹಿತೆ ಕೊಡೆ ಚಪ್ಪಲಿ ಬಿಟ್ಟು ನೂರು ಯೋಜನ ನಡೆ ಎನ್ನುತ್ತದೆ. ಯುರೋಪಿನಲ್ಲಿ ಈ ಪಥ್ಯಕ್ಕೆ ಹೆಸರು ತಂದವನು ವೈದ್ಯನಲ್ಲ, ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದ ವಿಲಿಯಂ ಬ್ಯಾಂಟಿಂಗ್. ಐದಡಿ ಐದಂಗುಲ ಎತ್ತರದ ಆತ 202 ಪೌಂಡು, ಅಂದರೆ ಸುಮಾರು 92 ಕೆ.ಜಿ. ತೂಗುತ್ತಿದ್ದ. ಬೂಟಿನ ದಾರ ಕಟ್ಟಲು ಬಗ್ಗಲಾಗುತ್ತಿರಲಿಲ್ಲ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವಿ ಎಂಬ ವೈದ್ಯನಲ್ಲಿಗೆ ಹೋದ. ಪಿತ್ತಜನಕಾಂಗ ಮತ್ತು ಸಕ್ಕರೆಯ ನಂಟಿನ ಬಗ್ಗೆ ಪ್ಯಾರಿಸ್‌ನಲ್ಲಿ ಕ್ಲಾಡ್ ಬರ್ನಾರ್ಡ್ ನೀಡಿದ ಉಪನ್ಯಾಸಗಳನ್ನು ಕೇಳಿಬಂದಿದ್ದ ಹಾರ್ವಿ, ಬ್ರೆಡ್ಡು, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಿಸಿದ. ವರ್ಷದಲ್ಲಿ 46 ಪೌಂಡು ಇಳಿಯಿತು. ಬ್ಯಾಂಟಿಂಗ್ 1863ರಲ್ಲಿ ತನ್ನ ಅನುಭವವನ್ನು ಕಿರುಹೊತ್ತಗೆಯಾಗಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚಿದ. ನೂರು ವರ್ಷ ಕಳೆದ ಮೇಲೆ, 1972ರಲ್ಲಿ, ಅಮೆರಿಕದ ಹೃದ್ರೋಗ ವೈದ್ಯ ರಾಬರ್ಟ್ ಅಟ್ಕಿನ್ಸ್ ಬರೆದ ಪುಸ್ತಕ ಇದೇ ದಾರಿಯನ್ನು ಮತ್ತೆ ಜನಪ್ರಿಯಗೊಳಿಸಿತು.

‘ಕೀಟೋ’ ಎಂಬ ಪಥ್ಯ ಬಂದದ್ದು ಬೇರೆ ದಾರಿಯಿಂದ. 1921ರಲ್ಲಿ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಅದನ್ನು ಸೂಚಿಸಿದ್ದು ಮೂರ್ಛೆರೋಗಕ್ಕೆ. ಔಷಧಕ್ಕೆ ಬಗ್ಗದ ಮೂರ್ಛೆಯಿರುವ ಮಕ್ಕಳಿಗೆ ಇಂದಿಗೂ ವೈದ್ಯರ ಕಣ್ಗಾವಲಿನಲ್ಲಿ ಅದನ್ನು ಕೊಡುತ್ತಾರೆ. ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೊಹೈಡ್ರೇಟ್ ಮಾತ್ರ. ಉಳಿದದ್ದೆಲ್ಲ ಹೆಚ್ಚಾಗಿ ಕೊಬ್ಬು. ಒಂದು ಚಿಕ್ಕ ಬಟ್ಟಲು ಅನ್ನ ಉಂಡರೆ ಆ ದಿನದ ಪಾಲು ಮುಗಿದುಹೋಗುತ್ತದೆ. ಇದನ್ನೇ ‘ಲೋ ಕಾರ್ಬ್’ ಎಂದುಕೊಂಡು ಹೆದರಿ ಹಿಂದೆಗೆಯುವವರು ಅನೇಕರು, ಹುರುಪಿನಿಂದ ಶುರು ಮಾಡಿ ಯುಗಾದಿಯ ಒಬ್ಬಟ್ಟಿಗೆ ಬಿಟ್ಟುಬಿಡುವವರು ಇನ್ನೂ ಅನೇಕರು. ವೈದ್ಯಲೋಕದಲ್ಲಿ ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ಕಡಿಮೆ ಕಾರ್ಬೊಹೈಡ್ರೇಟಿನ ಊಟ ಎನ್ನುತ್ತಾರೆ. ಆ ಗಡಿಗೂ ಮೇಲೆ, ಈಗಿನ ಮುನ್ನೂರಕ್ಕೂ ಕೆಳಗೆ, ಬಹಳಷ್ಟು ಜಾಗವಿದೆ. ನಮ್ಮ ಹೆಚ್ಚಿನ ಜನರಿಗೆ ಬೇಕಾದದ್ದು ಆ ನಡುವಿನ ಜಾಗ ಎಂಬುದೇ ಈ ಲೇಖನದ ವಾದ.

ಪುರಾವೆ ಏನು ಹೇಳುತ್ತದೆ? ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ 2019ರ ತನ್ನ ಪೌಷ್ಟಿಕಾಂಶ ವರದಿಯಲ್ಲಿ, ರಕ್ತದ ಸಕ್ಕರೆ ಸುಧಾರಿಸಲು ಅತಿ ಹೆಚ್ಚು ಆಧಾರವಿರುವ ಆಹಾರ ಕ್ರಮ ಒಟ್ಟು ಕಾರ್ಬೊಹೈಡ್ರೇಟ್ ತಗ್ಗಿಸುವುದೇ ಎಂದಿತು. 2021ರಲ್ಲಿ ‘ಬಿಎಂಜೆ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪರಾಮರ್ಶೆ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಆರು ತಿಂಗಳ ಕೊನೆಗೆ ಲೋ ಕಾರ್ಬ್ ಗುಂಪಿನಲ್ಲಿ ಶೇ 57 ಮಂದಿಯ ಸಕ್ಕರೆ ಮಧುಮೇಹದ ಗಡಿಯಿಂದ ಕೆಳಗಿಳಿದಿತ್ತು, ಇತರ ಪಥ್ಯದವರಲ್ಲಿ ಶೇ 31. ಆದರೆ ಹನ್ನೆರಡು ತಿಂಗಳಿಗೆ ಈ ಅಂತರ ಸವೆದಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ 609 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಕಾರ್ಬೊಹೈಡ್ರೇಟ್ ಕಡಿಮೆ ಮಾಡಿಸಿ 2018ರಲ್ಲಿ ಫಲಿತಾಂಶ ಕೊಟ್ಟಿತು. ವರ್ಷದಲ್ಲಿ ಇಳಿದ ತೂಕ 5.3 ಕೆ.ಜಿ. ಮತ್ತು 6 ಕೆ.ಜಿ.; ಹೇಳಿಕೊಳ್ಳುವಂಥ ವ್ಯತ್ಯಾಸವೇ ಅಲ್ಲ. ಎರಡೂ ಗುಂಪಿಗೆ ಕೊಟ್ಟಿದ್ದ ಸಲಹೆ ಒಂದಿತ್ತು: ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ. ವರ್ಷಗಟ್ಟಲೆ ನಡೆಸಿಕೊಂಡು ಹೋಗಬಲ್ಲ ಊಟವೇ ಕೆಲಸಕ್ಕೆ ಬರುವುದು ಎಂದು ಈ ಅಂಕಿಗಳಿಂದ ಅರ್ಥವಾಗುತ್ತದೆ.

ಇಂಗ್ಲೆಂಡಿನ ಸೌತ್‌ಪೋರ್ಟ್‌ನ ಕುಟುಂಬ ವೈದ್ಯ ಡೇವಿಡ್ ಅನ್ವಿನ್ ಅವರದ್ದು ನೋಡಬೇಕಾದ ಉದಾಹರಣೆ. 2013ರಿಂದ ಅವರು ತಮ್ಮ ಸಾಮಾನ್ಯ ಚಿಕಿತ್ಸಾಲಯದಲ್ಲೇ, ಯಾವ ವಿಶೇಷ ಪುಡಿ ಪೊಟ್ಟಣವಿಲ್ಲದೆ, ಬಯಸಿದ ರೋಗಿಗಳಿಗೆ ಪಿಷ್ಟ ತಗ್ಗಿಸುವುದನ್ನು ಹೇಳಿಕೊಡುತ್ತಿದ್ದಾರೆ. ಅವರ ಬೋಧನೆಯ ಸಾಧನ ಒಂದು ಚಿತ್ರಪಟ. ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಚಮಚ ಸಕ್ಕರೆಯಷ್ಟು ಏರಿಸುತ್ತದೆ ಎಂದು ಅದರಲ್ಲಿ ಬಿಡಿಸಿದೆ. 150 ಗ್ರಾಂ ಬೆಂದ ಅನ್ನದ ಎದುರು ಹತ್ತು ಚಮಚಗಳ ಚಿತ್ರವಿದೆ. 2023ರಲ್ಲಿ ಪ್ರಕಟವಾದ ಅವರ ವರದಿಯಂತೆ, ಈ ದಾರಿ ಹಿಡಿದ 186 ಮಧುಮೇಹಿಗಳಲ್ಲಿ ಶೇ 51 ಮಂದಿ ಔಷಧವಿಲ್ಲದೆ ಸಕ್ಕರೆಯನ್ನು ಗಡಿಯೊಳಗೆ ಇಟ್ಟುಕೊಂಡಿದ್ದರು. ಕಾಯಿಲೆ ಪತ್ತೆಯಾದ ಮೊದಲ ವರ್ಷದಲ್ಲೇ ಶುರು ಮಾಡಿದವರಲ್ಲಿ ಈ ಪ್ರಮಾಣ ಶೇ 77. ಇವರೆಲ್ಲ ತಾವಾಗಿ ಮುಂದೆ ಬಂದವರು, ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಹಾಗಿದ್ದರೂ ಬೇಗ ಶುರು ಮಾಡಿದಷ್ಟೂ ಲಾಭ ಹೆಚ್ಚೆಂಬ ಸಂಗತಿ, ‘ಇನ್ನೂ ಬಾರ್ಡರ್‌ನಲ್ಲಿದೆ, ಏನೂ ಆಗಲ್ಲ’ ಎನ್ನುವ ನಮ್ಮ ಮನೆಮನೆಯ ಸಮಾಧಾನಕ್ಕೆ ನೇರ ಉತ್ತರ.

ಅನ್ನ ಬಿಟ್ಟು ಮುದ್ದೆಗೆ ಬಂದರೆ ಸಾಲದೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳವನ್ನು ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ರಾಮನ ಮುಂದೆಯೇ ತಂದರು, ಗೆದ್ದದ್ದು ರಾಗಿ. ಆ ಗೆಲುವಿಗೆ ಇಂದೂ ಕಾರಣಗಳಿವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 360 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿ ಇದರ ಹತ್ತಿರವೂ ಬರುವುದಿಲ್ಲ. ಆದರೆ ಕಾರ್ಬೊಹೈಡ್ರೇಟ್ ಮಾತ್ರ ಅಕ್ಕಿಯಲ್ಲಿ 78 ಗ್ರಾಂ ಇದ್ದರೆ ರಾಗಿಯಲ್ಲಿ 67. ಬೇರೆ ರಾಜ್ಯಗಳಿಗಿಂತ ಕರ್ನಾಟಕಕ್ಕೆ ಈ ವಿಷಯ ಹೆಚ್ಚು ತಟ್ಟಬೇಕು. ಸಿರಿಧಾನ್ಯ, ಜೋಳ, ರಾಗಿಯಂಥವು ಇಂದಿಗೂ ಮುಖ್ಯ ಆಹಾರವಾಗಿ ಉಳಿದಿರುವುದು ಕರ್ನಾಟಕ, ಮಹಾರಾಷ್ಟ್ರ, ಗುಜರಾತ್ ಈ ಮೂರೇ ರಾಜ್ಯಗಳಲ್ಲಿ ಎಂದು ಇಂಡಿಯಾಬ್ ಅಧ್ಯಯನ ಗುರುತಿಸಿದೆ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ. ಒಟ್ಟು ಕಾರ್ಬೊಹೈಡ್ರೇಟ್ ಇಳಿಸದೆ ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ತಂದಿಟ್ಟ ಮಾತ್ರಕ್ಕೆ ಮಧುಮೇಹದ ಅಪಾಯ ಕಡಿಮೆಯಾಗಿದ್ದು ಕಂಡುಬರಲಿಲ್ಲ. ನುಣ್ಣಗೆ ಬೀಸಿದ ಹಿಟ್ಟು ಯಾವ ಧಾನ್ಯದ್ದಾದರೂ ಬೇಗ ಜೀರ್ಣವಾಗುತ್ತದೆ. ನವಣೆ ಬಿಸ್ಕತ್ತು, ರಾಗಿ ಲಡ್ಡು, ‘ಮಲ್ಟಿಗ್ರೇನ್’ ಬ್ರೆಡ್ಡು ಕೊಂಡು ನಿಶ್ಚಿಂತರಾಗುವವರಿಗೆ ಇದನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕು. ಬೆಲ್ಲದ ಮಾತೂ ಇಷ್ಟೆ. ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ, ‘ನಾಟಿ’ ಎಂದ ಮಾತ್ರಕ್ಕೆ ಮೇದೋಜೀರಕ ಗ್ರಂಥಿ ವಿನಾಯಿತಿ ಕೊಡುವುದಿಲ್ಲ.

ಹಾಗಾದರೆ ಎಷ್ಟು ಇಳಿಸಬೇಕು? ಚೆನ್ನೈನ ಆರ್.ಎಂ. ಅಂಜನಾ, ವಿ. ಮೋಹನ್ ಮತ್ತು ಸಂಗಡಿಗರು 18,090 ಭಾರತೀಯರ ಊಟದ ವಿವರವನ್ನು ಗಣಿತ ಮಾದರಿಗೆ ಒಡ್ಡಿ 2022ರಲ್ಲಿ ಒಂದು ಉತ್ತರ ಕೊಟ್ಟರು. ಮಧುಮೇಹ ಹಿಮ್ಮೆಟ್ಟಬೇಕಾದರೆ ಶಕ್ತಿಯಲ್ಲಿ ಕಾರ್ಬೊಹೈಡ್ರೇಟಿನ ಪಾಲು ಶೇ 49–54ರ ಮಟ್ಟಕ್ಕೆ ಇಳಿಯಬೇಕು, ಪ್ರೋಟೀನಿನ ಪಾಲು ಶೇ 19–20ರ ಮಟ್ಟಕ್ಕೆ ಏರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯೂ ಧಾನ್ಯಗಳಿಂದ ಬರುವ ಕ್ಯಾಲೊರಿ ಶೇ 45 ಮೀರದಿರಲಿ ಎನ್ನುತ್ತದೆ. ಎರಡೂ ಕೇಳುತ್ತಿರುವುದು ಅನ್ನ ಬಿಡುವುದನ್ನಲ್ಲ, ತಟ್ಟೆಯ ನಡುವಿನಿಂದ ಅದನ್ನು ಬದಿಗೆ ಸರಿಸುವುದನ್ನು.

2025ರ ಇಂಡಿಯಾಬ್ ಅಧ್ಯಯನದ ಒಂದು ಲೆಕ್ಕವನ್ನು ಅಡುಗೆಮನೆಯ ಅಳತೆಗೆ ಇಳಿಸಿ ನೋಡಬಹುದು. ಒಟ್ಟು ಶಕ್ತಿಯಲ್ಲಿ ಬರೀ ಶೇ 5ರಷ್ಟನ್ನು ಕಾರ್ಬೊಹೈಡ್ರೇಟಿನಿಂದ ಕಾಳು ಬೇಳೆ ಅಥವಾ ಹಾಲು ಮೊಸರಿನ ಪ್ರೋಟೀನಿಗೆ ಬದಲಿಸಿದರೂ ಮಧುಮೇಹ ಮತ್ತು ಅದರ ಹೊಸ್ತಿಲಿನ ಸಾಧ್ಯತೆ ಕಡಿಮೆ ಎಂದು ಅದು ಕಂಡುಕೊಂಡಿತು. ಎರಡು ಸಾವಿರ ಕ್ಯಾಲೊರಿಯ ಶೇ 5 ಎಂದರೆ ನೂರು ಕ್ಯಾಲೊರಿ. ಕಾರ್ಬೊಹೈಡ್ರೇಟಿನಲ್ಲಿ 25 ಗ್ರಾಂ, ಅಂದರೆ ಸುಮಾರು ಒಂದು ಸೌಟು ಅನ್ನ. ತೆಗೆಯುವುದು ಸುಲಭ. ಅದರ ಜಾಗಕ್ಕೆ 25 ಗ್ರಾಂ ಪ್ರೋಟೀನ್ ತರುವುದರಲ್ಲೇ ನಿಜವಾದ ಕೆಲಸವಿರುವುದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6ರಿಂದ 7, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7, ಮೂವತ್ತು ಗ್ರಾಂ ಹುರುಳಿ ಅಥವಾ ಹೆಸರುಕಾಳಿನಲ್ಲಿ 6ರಿಂದ 7. ನಾಲ್ಕೂ ಸೇರಿದರೆ ಲೆಕ್ಕ ತುಂಬುತ್ತದೆ. ಬಾದಾಮಿ ಹಿಟ್ಟು, ಆವಕಾಡೊ, ವಿದೇಶಿ ಚೀಸು ಯಾವುದೂ ಬೇಕಿಲ್ಲ; ಸಂತೆಯ ಸಾಮಾನು ಸಾಕು.

ನಮ್ಮ ಅಡುಗೆಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಈಗಾಗಲೇ ಇದೆ, ಪ್ರಮಾಣ ತಲೆಕೆಳಗಾಗಿದೆ ಅಷ್ಟೆ. ಬಸ್ಸಾರನ್ನೇ ತೆಗೆದುಕೊಳ್ಳಿ. ಸೊಪ್ಪು, ಕಾಳು ಬೇಯಿಸಿ ಬಸಿದಾಗ ಕಟ್ಟು ಸಾರಾಗುತ್ತದೆ, ಬಸಿದ ಸೊಪ್ಪು ಕಾಳು ಪಲ್ಯವಾಗುತ್ತದೆ. ಮುದ್ದೆ ದೊಡ್ಡದು, ಸಾರು ಧಾರಾಳ, ಪಲ್ಯ ನಂಚಿಕೊಳ್ಳಲು ಎಂಬ ರೂಢಿಯನ್ನು ತಿರುವಿ ಹಾಕಿ, ಪಲ್ಯವನ್ನು ಬಟ್ಟಲು ತುಂಬ ಬಡಿಸಿ ಮುದ್ದೆಯನ್ನು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಮಾಡಿದರೆ ಅದೇ ಅಡುಗೆ ಬೇರೆ ಊಟವಾಗುತ್ತದೆ. ಉತ್ತರ ಕರ್ನಾಟಕದ ತಾಟಿನಲ್ಲಿ ಹೆಸರುಕಾಳಿನ ಪಲ್ಯ, ಮಡಿಕೆಕಾಳಿನ ಉಸಳಿ, ಶೇಂಗಾ ಚಟ್ನಿ, ಕೆನೆಮೊಸರು, ಹಸಿ ಮೆಂತ್ಯ, ಸೌತೆ, ಮೂಲಂಗಿ ಎಲ್ಲವೂ ಇವೆ. ಮೂರು ರೊಟ್ಟಿಯ ಜಾಗದಲ್ಲಿ ಒಂದೂವರೆ ರೊಟ್ಟಿ, ಎರಡು ಪಲ್ಯ ಸಾಕು. ಕರಾವಳಿಯಲ್ಲಿ ಕುಚ್ಚಲಕ್ಕಿ ಅನ್ನದ ರಾಶಿಗೆ ಎರಡು ತುಂಡು ಮೀನು ಎನ್ನುವುದು ನಾಲ್ಕು ತುಂಡಿಗೆ ಅರ್ಧ ಅನ್ನವಾಗಬಹುದು. ಮಲೆನಾಡಿನ ತಂಬುಳಿಗೆ, ಸಾಸಿವೆಗೆ ಮೊಸರೇ ಆಧಾರ. ಹಾಗಲ, ತೊಂಡೆ, ಹೀರೆ, ಪಡವಲ, ಎಲೆಕೋಸು, ಬೀನ್ಸ್, ಹರಿವೆ, ದಂಟು, ಒಂದೆಲಗ, ನುಗ್ಗೆ ಸೊಪ್ಪು ಇವುಗಳಲ್ಲಿ ಪಿಷ್ಟ ಬಹಳ ಕಡಿಮೆ. ಆಲೂಗಡ್ಡೆ, ಗೆಣಸು ಮಾತ್ರ ತರಕಾರಿಯ ವೇಷದಲ್ಲಿ ಬರುವ ಪಿಷ್ಟ. ಚಪಾತಿಗೆ ಆಲೂಗಡ್ಡೆ ಪಲ್ಯ ಎಂದರೆ ಪಿಷ್ಟಕ್ಕೆ ಪಿಷ್ಟವನ್ನೇ ನಂಚಿಕೊಂಡಂತೆ.

ಉಪವಾಸದ ದಿನವನ್ನೂ ಇಲ್ಲಿ ಹೇಳಬೇಕು. ಏಕಾದಶಿಯೆಂದು ಅನ್ನ ಬಿಟ್ಟು ಸಬ್ಬಕ್ಕಿ, ಅವಲಕ್ಕಿ, ಉಪ್ಪಿಟ್ಟು ತಿನ್ನುವ ಮನೆಗಳಲ್ಲಿ ಆ ದಿನದ ಪಿಷ್ಟ ಮಾಮೂಲಿ ದಿನಕ್ಕಿಂತ ಹೆಚ್ಚಾಗಿರುವುದೂ ಉಂಟು. ಸಬ್ಬಕ್ಕಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಬರೀ ಪಿಷ್ಟ.

ಬೆಳಗಿನ ತಿಂಡಿ ಎಲ್ಲಕ್ಕಿಂತ ಕಷ್ಟದ್ದು. ದೋಸೆ, ಇಡ್ಲಿ, ಚಿತ್ರಾನ್ನ, ಖಾರಾಬಾತ್, ಅಕ್ಕಿರೊಟ್ಟಿ, ನೀರುದೋಸೆ, ಕಡುಬು: ಎಲ್ಲವೂ ಅಕ್ಕಿ ಇಲ್ಲವೇ ರವೆ. ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಮೊಳಕೆಕಾಳಿನ ಉಸಲಿ, ತರಕಾರಿ ಹಾಕಿದ ಮೊಟ್ಟೆ, ಇಲ್ಲವೇ ಎರಡೇ ಇಡ್ಲಿಗೆ ಬಟ್ಟಲು ತುಂಬ ಗಟ್ಟಿ ಸಾಂಬಾರ್ ಇವುಗಳಿಗೆ ಹೊಂದಿಕೊಂಡವರಿಗೆ ಹನ್ನೊಂದರ ಬಿಸ್ಕತ್ತು ತಾನಾಗಿ ದೂರವಾಗುತ್ತದೆ. ಪ್ರೋಟೀನ್ ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಡುತ್ತದೆ.

ತಿನ್ನುವ ಅನುಕ್ರಮಕ್ಕೂ ಬೆಲೆಯಿದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಲ್ಪನಾ ಶುಕ್ಲಾ ಮತ್ತು ಸಂಗಡಿಗರು 2015ರಲ್ಲಿ 11 ಮಧುಮೇಹಿಗಳಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟು ನೋಡಿದರು. ತರಕಾರಿ, ಪ್ರೋಟೀನ್ ಮೊದಲು ತಿಂದು ಹದಿನೈದು ನಿಮಿಷ ಬಿಟ್ಟು ಪಿಷ್ಟ ತಿಂದ ದಿನ, ಊಟವಾದ ಒಂದು ಗಂಟೆಗೆ ರಕ್ತದ ಸಕ್ಕರೆ ಸುಮಾರು ಶೇ 37ರಷ್ಟು ಕಡಿಮೆಯಿತ್ತು. ಚಿಕ್ಕ ಪ್ರಯೋಗವೇ, ಆದರೆ ಯಾರು ಬೇಕಾದರೂ ಕಾಸು ಖರ್ಚಿಲ್ಲದೆ ಮಾಡಿ ನೋಡಬಹುದಾದ್ದು. ಮದುವೆ ಮನೆಯ ಬಾಳೆಎಲೆಯ ಮೇಲೆ ಕೋಸಂಬರಿ, ಪಲ್ಯ ಮೊದಲೇ ಬಂದು ಕೂರುತ್ತವೆ, ಅನ್ನ ಬರುವ ತನಕ ಯಾರೂ ಮುಟ್ಟುವುದಿಲ್ಲ. ಪದ್ಧತಿಗೆ ಅಡ್ಡಿಯಿಲ್ಲದ ಕಡೆ, ಆ ಕಾಯುವ ಹತ್ತು ನಿಮಿಷದಲ್ಲಿ ಅವನ್ನೇ ತಿಂದು ಮುಗಿಸಿ, ಇನ್ನೊಮ್ಮೆ ಕೋಸಂಬರಿ ಕೇಳಿ ಹಾಕಿಸಿಕೊಂಡರೆ ಈ ಪ್ರಯೋಗ ಎಲೆಯ ಮೇಲೆಯೇ ನಡೆದಂತಾಯಿತು.

ಆದರೆ ಯಾರ ತಟ್ಟೆಯ ಮಾತು ಇದು? ಮನೆಯಲ್ಲಿ ಗಂಡನಿಗೆ ಸಕ್ಕರೆ ಬಂದರೆ ಹೆಂಡತಿ ಅವರಿಗೆಂದು ಬೇರೆ ಪಲ್ಯ, ಬೇರೆ ತಿಂಡಿ ಮಾಡುತ್ತಾಳೆ. ಒಲೆಯ ಮುಂದೆ ಅವಳ ಸಮಯ ಒಂದು ಗಂಟೆ ಹೆಚ್ಚುತ್ತದೆ. ಅವಳಿಗೇ ಸಕ್ಕರೆ ಬಂದರೆ? ಎಲ್ಲರಿಗೂ ಬಡಿಸಿ ಕೊನೆಗೆ ಕೂತಾಗ ಪಲ್ಯದ ಪಾತ್ರೆಯ ತಳ ಕಾಣುತ್ತಿರುತ್ತದೆ, ಅನ್ನ ಸಾರು ಮಾತ್ರ ಮಿಕ್ಕಿರುತ್ತದೆ. ಮಿಕ್ಕ ಅನ್ನ ಚೆಲ್ಲಬಾರದೆಂದು ಅದನ್ನೂ ಅವಳೇ ಉಣ್ಣುತ್ತಾಳೆ, ಮರುದಿನ ಬೆಳಿಗ್ಗೆ ಅದೇ ಅನ್ನದ ಚಿತ್ರಾನ್ನವೂ ಅವಳ ಪಾಲಿಗೆ ಬರುತ್ತದೆ. ಮೊಟ್ಟೆ, ಮೀನು, ಮಾಂಸದ ತುಂಡುಗಳ ಹಂಚಿಕೆಯೂ ಗಂಡಸರು ಮಕ್ಕಳಿಂದ ಶುರುವಾಗಿ ಅವಳ ಹತ್ತಿರ ಬರುವಷ್ಟರಲ್ಲಿ ಮುಗಿದಿರುತ್ತದೆ. ಪಥ್ಯದ ಪುಸ್ತಕಗಳು ಈ ಮಾತನ್ನು ಆಡುವುದಿಲ್ಲ. ಒಬ್ಬರ ತಟ್ಟೆಯನ್ನಷ್ಟೇ ಬದಲಿಸುವ ಬದಲು ಮನೆಯ ಪಾತ್ರೆಗಳ ಅಳತೆಯನ್ನೇ ಬದಲಿಸುವುದು, ಅಂದರೆ ಕುಕ್ಕರಿಗೆ ಹಾಕುವ ಅಕ್ಕಿ ಒಂದು ಪಾವು ಕಡಿಮೆ, ಹೆಚ್ಚುವ ತರಕಾರಿ ಎರಡು ಪಾಲು, ಹೆಚ್ಚುವ ಕೆಲಸಕ್ಕೆ ಮನೆಮಂದಿಯೆಲ್ಲರ ಕೈ, ಎಲ್ಲರೂ ಒಟ್ಟಿಗೆ ಕೂತು ಊಟ: ನ್ಯಾಯವಾದ ದಾರಿಯೂ ಇದೇ, ಉಳಿದುಬರುವ ದಾರಿಯೂ ಇದೇ. ‘ಇನ್ನೊಂದು ಚೂರು ಅನ್ನ ಹಾಕ್ಲಾ’ ಎಂಬ ಉಪಚಾರದ ಜಾಗದಲ್ಲಿ ‘ಇನ್ನೊಂದು ಚೂರು ಪಲ್ಯ’ ಬರಲು ಪಲ್ಯ ಪಾತ್ರೆಯಲ್ಲಿ ಇರಬೇಕಷ್ಟೆ.

ಎಚ್ಚರಿಕೆಯ ಮಾತುಗಳನ್ನು ಹಗುರಾಗಿ ಓದಬಾರದು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣ ಹಾಗೇ ಇಟ್ಟು ಅನ್ನ ಇಳಿಸಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು: ಬೆವರು, ನಡುಕ, ಪ್ರಜ್ಞೆ ತಪ್ಪುವುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುತ್ತ ಕಟ್ಟುನಿಟ್ಟಿನ ಕೀಟೋ ಹಿಡಿದರೆ ಇನ್ನೊಂದು ಅಪಾಯವಿದೆ. ಸಕ್ಕರೆ ಹೆಚ್ಚಿಲ್ಲದಂತೆ ತೋರುತ್ತಲೇ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಆಗಬಹುದು, ಅದು ಆಸ್ಪತ್ರೆಯ ತುರ್ತು ಪರಿಸ್ಥಿತಿ. ತೂಕ ಇಳಿದಂತೆ ರಕ್ತದೊತ್ತಡದ ಮಾತ್ರೆಯೂ ಹೆಚ್ಚಾಗಿ ತಲೆಸುತ್ತು ಬರಬಹುದು. ಹಾಗಾಗಿ ಔಷಧದಲ್ಲಿರುವವರು ಮೊದಲು ವೈದ್ಯರ ಬಳಿ ಹೋಗಿ, ಊಟ ಬದಲಿಸುತ್ತೇನೆ, ಡೋಸ್ ನೋಡಿ ಎಂದು ಹೇಳಿ ಶುರು ಮಾಡಬೇಕು. ಗರ್ಭಿಣಿಯರು, ಟೈಪ್ 1 ಮಧುಮೇಹದವರು, ಮೂತ್ರಪಿಂಡದ ತೊಂದರೆಯಿರುವವರು ತಾವೇ ಪ್ರಯೋಗಕ್ಕಿಳಿಯಬಾರದು.

ಅನ್ನ ತೆಗೆದ ಜಾಗಕ್ಕೆ ತುಪ್ಪ, ಬೆಣ್ಣೆ, ಕರಿದ ಮಾಂಸ ಸುರಿದುಕೊಳ್ಳುವುದೂ ಸರಿಯಲ್ಲ. ಕೆಲವರಲ್ಲಿ ಇದರಿಂದ ಎಲ್‌ಡಿಎಲ್ ಕೊಲೆಸ್ಟ್ರಾಲ್ ಗಣನೀಯವಾಗಿ ಏರುತ್ತದೆ. ಅಮೆರಿಕದಲ್ಲಿ 15,428 ಜನರನ್ನು ದೀರ್ಘಕಾಲ ಹಿಂಬಾಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಕ್ತಿಯ ಶೇ 50ರಿಂದ 55 ಕಾರ್ಬೊಹೈಡ್ರೇಟಿನಿಂದ ಪಡೆಯುತ್ತಿದ್ದವರಲ್ಲಿ ಸಾವಿನ ಅಪಾಯ ಅತಿ ಕಡಿಮೆಯಿತ್ತು. ತೀರಾ ಹೆಚ್ಚು, ತೀರಾ ಕಡಿಮೆ ಎರಡೂ ತುದಿಯಲ್ಲಿ ಹೆಚ್ಚಿತ್ತು. ಕಡಿಮೆ ಮಾಡಿದ ಜಾಗಕ್ಕೆ ಸಸ್ಯಮೂಲದ ಕೊಬ್ಬು, ಪ್ರೋಟೀನ್ ತಂದುಕೊಂಡವರು ಮಾಂಸ ತಂದುಕೊಂಡವರಿಗಿಂತ ಕ್ಷೇಮವಾಗಿದ್ದರು. ಹುರುಳಿ, ಅವರೆ, ಅಲಸಂದೆ, ಕಡಲೆಕಾಯಿ ಇರುವ ನಾಡಿಗೆ ಇದು ಅನುಕೂಲದ ಸುದ್ದಿ.

ಮೊದಲ ವಾರ ತಕ್ಕಡಿ ಎರಡು ಕೆ.ಜಿ. ಇಳಿದು ತೋರಿಸಿದರೆ ಹಿಗ್ಗಬೇಕಿಲ್ಲ, ಆಮೇಲೆ ನಿಂತರೆ ಕುಗ್ಗಬೇಕಿಲ್ಲ. ಪಿತ್ತಜನಕಾಂಗ, ಸ್ನಾಯುಗಳಲ್ಲಿ ಶೇಖರವಾದ ಪ್ರತಿ ಗ್ರಾಂ ಗ್ಲೈಕೋಜೆನ್ ಜತೆ ಸುಮಾರು 3 ಗ್ರಾಂ ನೀರಿರುತ್ತದೆ, ಮೊದಲು ಹೋಗುವುದು ಆ ನೀರು. ಕೆಲವರಿಗೆ ತಲೆನೋವು, ಮಲಬದ್ಧತೆ ಕಾಣಿಸುವುದುಂಟು. ನೀರು, ಮಜ್ಜಿಗೆ, ಸೊಪ್ಪು ಹೆಚ್ಚಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಂಬಬೇಕಾದ ಅಳತೆ ಮೂರು ತಿಂಗಳದ್ದು. ಎಚ್‌ಬಿಎ1ಸಿ ಪರೀಕ್ಷೆ ಆ ಅವಧಿಯ ಸರಾಸರಿ ಸಕ್ಕರೆಯನ್ನು ಹೇಳುತ್ತದೆ. ಜತೆಗೆ ಲಿಪಿಡ್ ಪರೀಕ್ಷೆಯನ್ನೂ ಮಾಡಿಸಿದರೆ ಟ್ರೈಗ್ಲಿಸರೈಡ್ ಇಳಿಯಿತೇ, ಎಲ್‌ಡಿಎಲ್ ಏರಿತೇ ಎರಡೂ ಗೊತ್ತಾಗುತ್ತದೆ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದವರು ಊಟಕ್ಕೆ ಮುಂಚೆ ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ ನೋಡಿ ಬರೆದಿಟ್ಟರೆ ಯಾವ ತಿಂಡಿ ತಮ್ಮ ಮೈಗೆ ಎಷ್ಟು ಭಾರ ಎಂಬುದು ಕೆಲವೇ ವಾರಗಳಲ್ಲಿ ಸ್ಪಷ್ಟವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಮನೆಯ ಹೊರಗೆ ಉಳಿಯುತ್ತದೆ. ಹೋಟೆಲಿನ ಊಟದಲ್ಲಿ ಅನ್ನ ಕೇಳಿದಷ್ಟು, ಪಲ್ಯ ಒಂದು ಪುಟ್ಟ ಬಟ್ಟಲು. ಹಾಸ್ಟೆಲಿನಲ್ಲೂ ಹಾಗೇ. ಬಡವರ ಮನೆಯಲ್ಲಿ ಅಗ್ಗವಾಗಿ ಹೊಟ್ಟೆ ತುಂಬಿಸುವುದು ಪಿಷ್ಟವೊಂದೇ. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವನ್ನು ದೂರವಿಟ್ಟಿತು, ಅದು ಸಣ್ಣ ಸಾಧನೆಯಲ್ಲ. ಪೌಷ್ಟಿಕತೆಯ ಮುಂದಿನ ಹೆಜ್ಜೆಗಳು ನಿಧಾನವಾಗಿ ಕಾಣಿಸುತ್ತಿವೆ. ಸರ್ಕಾರಿ ಶಾಲೆಗಳ ಮಕ್ಕಳಿಗೆ 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದಲ್ಲಿ ಆರು ದಿನ ಮೊಟ್ಟೆ ಬಂತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಪಡಿತರದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ ಮುಂತಾದವುಗಳ ಕಿಟ್ ಕೊಡಲು ನಿರ್ಧರಿಸಿತು. ದಿಕ್ಕು ಸರಿಯಾಗಿದೆ, ಅಳತೆ ಬೆಳೆಯಬೇಕು. ನಾಲ್ವರ ಮನೆಗೆ ತಿಂಗಳಿಗೆ ಒಂದು ಕೆ.ಜಿ. ತೊಗರಿಬೇಳೆ ಬಂದರೆ ಅದರಲ್ಲಿರುವ ಪ್ರೋಟೀನ್ ಸುಮಾರು 220 ಗ್ರಾಂ. ತಲೆಗೆ ದಿನಕ್ಕೆ ಎರಡು ಗ್ರಾಂ ಕೂಡ ಬರುವುದಿಲ್ಲ. ಅನ್ನದ ಒಂದು ಸೌಟನ್ನು ಬದಲಿಸಲು ಬೇಕಾದದ್ದು ಇಪ್ಪತ್ತೈದು.